ಹಳದಿ ಬೀಗ

“ನಮಸ್ಕಾರ ಮೇಡಂ!”

ಅವಳು ಬಾಗಿಲಲ್ಲಿ ಕಾಲಿಟ್ಟಿದ್ದೇ ತಡ, ಇಡೀ ಕ್ಲಾಸು ದಡಬಡ ಎದ್ದು ನಿಂತಿತು. ಎಲ್ಲರಿಗಿಂತ ಮೊದಲು ಎದ್ದವನು ಕಿಟಕಿ ಪಕ್ಕದ ಒಬ್ಬ ಉದ್ದನೆಯವನು. ತೋಳಿನ ತುಂಬ ವೆಲ್ಡಿಂಗ್ ಕಿಡಿ ಹಾರಿ ಸುಟ್ಟ ಕಲೆಗಳು.

ಇಸ್ತ್ರಿ ಬಟ್ಟೆ, ಕನ್ನಡಕ, ಹೆಗಲಲ್ಲಿ ಚರ್ಮದ ಬ್ಯಾಗು... ಟೀಚರ್ ಅಂದುಕೊಂಡುಬಿಟ್ಟಿದ್ದರು!

‘ನಾನೂ ಕಲಿಯೋಕೇ ಬಂದವಳು’ ಅಂದಿದ್ದರೆ ಅಲ್ಲಿಗೆ ಮುಗೀತಿತ್ತು. ನಾಲಿಗೆ ಏಳಲಿಲ್ಲ. ಇದೇ ಕಾಲೇಜಲ್ಲಿ ಎಂ.ಎ. ಮುಗಿಸಿ ಫೋಟೋ ತೆಗೆಸಿಕೊಂಡವಳು ಅವಳು. ಈಗ ಅದೇ ಕಾಲೇಜು, ಫ್ಯಾಕ್ಟರಿ ಮುಚ್ಚಿ ಬೀದಿಗೆ ಬಿದ್ದವರನ್ನೂ, ಡಿಗ್ರಿ ಹಿಡಿದು ಮನೇಲಿ ಕೂತವರನ್ನೂ ಒಂದೇ ಬೆಂಚಲ್ಲಿ ಕೂರಿಸಿ, ಸರ್ಕಾರದ ಖರ್ಚಲ್ಲಿ ಲಿಫ್ಟ್ ರಿಪೇರಿ ಡಿಪ್ಲೊಮಾ ಕಲಿಸುತ್ತಿತ್ತು. ಡಿಗ್ರಿ ಕೊಟ್ಟವರೇ ‘ಅದರಿಂದ ಏನೂ ಆಗಲ್ಲ, ಮತ್ತೆ ಬಾ’ ಅಂದ ಹಾಗೆ! ನಾಚಿಕೆ ಆಗಬೇಕಾಗಿದ್ದು ಯಾರಿಗೆ? ಆಗಿದ್ದು ಮಾತ್ರ ಇವಳಿಗೆ.

“ಕೂತ್ಕೊಳ್ಳಿ” ಅಂದುಬಿಟ್ಟಳು.

ಎಲ್ಲರೂ ಕೂತರು! ಅವಳು ಬೋರ್ಡಿನ ಮುಂದೆ ಕಂಬದ ಹಾಗೆ ನಿಂತಿದ್ದಾಗ ನಿಜವಾದ ಮೇಷ್ಟ್ರು ಕೈಗೆ ಹತ್ತಿದ ಗ್ರೀಸ್ ಒರೆಸಿಕೊಳ್ಳುತ್ತಾ ಬಂದರು.

“ಯಾರಮ್ಮ ನೀನು? ಹೊಸ ಅಡ್ಮಿಷನ್ನಾ? ಅಲ್ಲ್ಯಾಕೆ ನಿಂತಿದೀಯ, ಜಾಗ ನೋಡಿ ಕೂತ್ಕೋ.”

ನಗು ಗೋಡೆ ಒಡೆಯೋ ಹಾಗೆ ಎದ್ದಿತು. ಆ ಉದ್ದನೆಯವನು ಮಾತ್ರ ನಗಲಿಲ್ಲ. ಬೆಂಚಲ್ಲಿ ಸರಿದು ಜಾಗ ಬಿಟ್ಟ.

“ಬನ್ನಿ. ನಾನೂ ನಿನ್ನೆ ಬಾಗಿಲವರೆಗೆ ಬಂದು ವಾಪಸ್ ಓಡಿಹೋಗಿದ್ದೆ” ಅಂತ ಪಿಸುಗುಟ್ಟಿದ.

ಅವತ್ತಿನಿಂದ ಕ್ಲಾಸಲ್ಲಿ ಅವಳ ಹೆಸರೇ ‘ಮೇಡಂ’. ಅವನದು ‘ಕಿಡಿ’. ಬಸ್ ಬಾಡಿ ಕಟ್ಟುವ ಫ್ಯಾಕ್ಟರಿಯಲ್ಲಿ ವೆಲ್ಡರ್ ಆಗಿದ್ದ ಅಂತ ಅರ್ಧ, ಮಾತೆತ್ತಿದರೆ ಉರಿದು ಬೀಳ್ತಾನೆ ಅಂತ ಇನ್ನರ್ಧ.

ಮೇಷ್ಟ್ರು ಮೊದಲು ಕಲಿಸಿದ್ದು ಬೀಗ. ಪ್ರತಿಯೊಬ್ಬರಿಗೂ ಒಂದೊಂದು ಬಣ್ಣದ ಬೀಗ. ಲಿಫ್ಟಿನ ಕೆಲಸಕ್ಕೆ ಇಳಿಯೋ ಮುಂಚೆ ಕರೆಂಟ್ ಆರಿಸಿ, ಮೇನ್ ಸ್ವಿಚ್ಚಿಗೆ ಅವರವರ ಬೀಗ ಅವರವರೇ ಹಾಕಬೇಕು.

“ಕೀಲಿ ನಿಮ್ಮ ಕೊರಳಲ್ಲೇ ಇರಬೇಕು. ಹಾಕಿದವರೇ ಬಂದು ತೆಗೀಬೇಕು. ಇನ್ನೊಬ್ಬರ ಬೀಗ ಮುಟ್ಟಿದ್ರೋ, ಒಳಗಿದ್ದವರನ್ನ ಕೊಂದ ಹಾಗೆ. ಬೀಗ ಮರೆತು ಮನೆಗೆ ಹೋದ್ರೋ, ನಾನು ಕತ್ತರಿಸ್ತೀನಿ. ಬೀಗದ ಜೊತೆ ನಿಮ್ಮ ಸೀಟೂ ಕಟ್!”

ಅವಳದು ಹಳದಿ. ಅವನದು ಕೆಂಪು. ಯಾವಾಗಲೂ ಅಕ್ಕಪಕ್ಕ ನೇತಾಡುತ್ತಿದ್ದವು.

ಶಾಲೆ ಅರ್ಧಕ್ಕೇ ಬಿಟ್ಟವನಿಗೆ ವೈರಿಂಗ್ ನಕ್ಷೆ ಕಂಡರೆ ಬೆವರು. ಅವಳು ಬೆರಳಿಟ್ಟು ಓದಿಸುತ್ತಿದ್ದಳು. ಸ್ಪ್ಯಾನರ್ ಹಿಡಿದರೆ ಅವಳ ಕೈ ಜಾರುತ್ತಿತ್ತು. ಅವನು ಬೈಯುತ್ತಲೇ ಹಿಡಿತ ಸರಿ ಮಾಡುತ್ತಿದ್ದ. ಬೈದ ಮೇಲೂ ಕೈ ಬಿಡೋಕೆ ಒಂದು ಕ್ಷಣ ತಡ ಮಾಡುತ್ತಿದ್ದ...

“ನಿಮ್ಮ ಮನೆಗೆ ಬಂದು ಮಾತಾಡ್ಲಾ?” ಒಂದು ಮಧ್ಯಾಹ್ನ ಕೇಳೇಬಿಟ್ಟ.

ಅವಳ ಎದೆ ಧಸಕ್ಕೆಂದಿತು. ಖುಷಿಯಿಂದಲ್ಲ, ಭಯದಿಂದ! ಮನೇಲಿ ಅವಳು ‘ಕಾಲೇಜಲ್ಲಿ ಲೆಕ್ಚರರ್’. ಅಮ್ಮ ಇಡೀ ಬೀದಿಗೆ ಡಂಗುರ ಸಾರಿ ಆಗಿತ್ತು. ಇವನು ಬಂದರೆ ಎಲ್ಲ ಬಯಲು.

“ಈಗ ಬೇಡ... ಸ್ವಲ್ಪ ದಿನ ಹೋಗಲಿ.”

“ನಾನು ಓದಿಲ್ಲ ಅಂತ ತಾನೇ?”

“ಅದಲ್ಲ!”

“ಮತ್ತೇನು?”

ಅವಳು ತಲೆ ತಗ್ಗಿಸಿದಳು. ಅವನು ಆ ಮೌನವನ್ನ ತನಗೆ ತೋಚಿದ ಹಾಗೆ ಓದಿಕೊಂಡ.

ಅದಾಗಿ ಕೆಲವೇ ದಿನಕ್ಕೆ ಒಂದು ಹಳೇ ಕ್ಲಿನಿಕ್ ಕಟ್ಟಡದ ಲಿಫ್ಟಿನಲ್ಲಿ ಪ್ರಾಕ್ಟಿಕಲ್ ಇಟ್ಟರು. ಮೆಟ್ಟಿಲ ಪಕ್ಕದ ಸ್ವಿಚ್ಚಿಗೆ ಕೆಂಪು, ಹಳದಿ ಬೀಗ ಬಿದ್ದವು. ಗಂಟೆಗಟ್ಟಲೆ ಒದ್ದಾಡಿ ಇಬ್ಬರೂ ಹೊರಗೆ ಬಂದಾಗ ಅವಳ ಕೆನ್ನೆ ಮೇಲೆ ಗ್ರೀಸು. ಒರೆಸೋಕೆ ಅವನು ಬಟ್ಟೆ ಎತ್ತಿದ, ಅಷ್ಟೇ...

“ಅಯ್ಯೋ! ನೀನೇನೇ ಇಲ್ಲಿ?”

ಅಮ್ಮ! ಮಂಡಿ ಹಿಡಿದುಕೊಂಡು ನಿಂತಿದ್ದಾಳೆ. ಮೇಲಿನ ಮಹಡಿಯ ಮೂಳೆ ಡಾಕ್ಟರಿಗೆ ತೋರಿಸೋಕೆ ಬಂದವಳು.

ಅವಳ ತಲೆ ಒಂದು ಗಳಿಗೆ ಖಾಲಿಯಾಯಿತು. ಆಮೇಲೆ ಬಾಯಿ ತಾನಾಗೇ ಆಡಿತು.

“ನಾನು... ಇವರಿಗೆಲ್ಲ ಪಾಠ ಮಾಡ್ತಿದ್ದೀನಮ್ಮ.”

“ಇವನ್ಯಾರು?”

“ಯಾರೋ ಕೆಲಸದವನು. ಏಯ್, ಏನು ನೋಡ್ತಾ ನಿಂತಿದೀಯ? ಆ ಸ್ಪ್ಯಾನರ್ ಎತ್ತಿಡು!”

ಅವನ ಮುಖದಲ್ಲಿ ಕಿಡಿ ಹೊತ್ತಿತು... ಆರಿತು. ಬಗ್ಗಿ ಸ್ಪ್ಯಾನರ್ ಎತ್ತಿಕೊಂಡ.

“ಆಯ್ತು ಮೇಡಂ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು! ಆ ‘ಆಯ್ತು’ ಅವಳನ್ನ ಸುಟ್ಟುಹಾಕಿತು. ಅಮ್ಮನ ತೋಳು ಹಿಡಿದು, ಹಿಂದೆ ತಿರುಗಿ ನೋಡದೆ ಬಸ್ ಸ್ಟಾಪಿಗೆ ಓಡಿದಳು.

ಬೆಂಚಲ್ಲಿ ಕೂತು ಅಮ್ಮ ಮಂಡಿ ನೀವಿಕೊಳ್ಳುತ್ತಾ ಗೊಣಗಿದಳು.

“ಡಾಕ್ಟರಿಗೆ ತೋರಿಸದೆ ವಾಪಸ್ ಬಂದ ಹಾಗಾಯ್ತು. ಅಲ್ಲಾ, ಮುದುಕರು ಮುದುಕಿಯರು ಬರೋ ಜಾಗದಲ್ಲಿ ಲಿಫ್ಟಿಗೆ ಬೀಗ ಜಡಿದಿದ್ದಾರಲ್ಲ, ಯಾವನೋ ಅವನು! ಅವನ ಕೈ ಸೇದಿಹೋಗ!”

ಅವಳ ಕೈ ಕೊರಳಿಗೆ ಹೋಯಿತು. ಕೀಲಿ! ಬೀಗ ಅಲ್ಲೇ ಸ್ವಿಚ್ಚಿನ ಮೇಲೆ!

‘ಇಷ್ಟೊತ್ತಿಗೆ ಮೇಷ್ಟ್ರು ಕತ್ತರಿಸಿರ್ತಾರೆ. ಸೀಟು ಹೋಯ್ತು. ಹೋಗಲಿ, ಅವನ ಮುಖ ನೋಡೋದಾದರೂ ತಪ್ಪುತ್ತೆ...’

ಬಸ್ಸು ಬಂತು. ಅಮ್ಮ ಎದ್ದಳು. ಅವಳು ಏಳಲಿಲ್ಲ.

“ಅಮ್ಮ... ಆ ಬೀಗ ಹಾಕಿದ್ದು ನಾನೇ.”

“ಏನಂದೆ?”

“ನಾನು ಲೆಕ್ಚರರ್ ಅಲ್ಲ. ಲಿಫ್ಟ್ ರಿಪೇರಿ ಕಲೀತಿದ್ದೀನಿ. ಸರ್ಕಾರ ಓದಿಸ್ತಿದೆ. ಅವನು ಕೆಲಸದವನಲ್ಲ, ನನ್ನ ಜೊತೆ ಓದೋನು. ನನ್ನ ಬಾಯಲ್ಲಿ ಹುಳ ಬೀಳ... ಅವನನ್ನ ಏಯ್ ಅಂದುಬಿಟ್ಟೆ ಅಮ್ಮ!”

ಬಸ್ಸು ಹೊರಟೇಹೋಯಿತು. ಅಮ್ಮ ಮತ್ತೆ ಬೆಂಚಿನ ಮೇಲೆ ಕುಸಿದಳು.

“ನಾನು ಬೀದಿಯವರಿಗೆಲ್ಲ ಏನೇನು ಹೇಳಿಕೊಂಡು ತಿರುಗಿದೆನಲ್ಲೇ...” ಅಮ್ಮನ ಧ್ವನಿ ಇಂಗಿಹೋಗಿತ್ತು. “ನನ್ನ ಬಾಯಿಗೆ ಹೆದರಿ ಸುಳ್ಳು ಹೇಳಿದೆಯಾ?”

ಅವಳು ಕೊರಳ ಕೀಲಿಯನ್ನ ಮುಷ್ಟಿಯಲ್ಲಿ ಹಿಡಿದಳು.

“ಏಳು. ಹಿಡ್ಕೋ ನನ್ನ. ಡಾಕ್ಟರು ಹೋಗೋದರೊಳಗೆ ತೆಗೀಬೇಕು ಆ ಬೀಗ.”

ಕ್ಲಿನಿಕ್ಕಿನ ಮೆಟ್ಟಿಲಲ್ಲಿ ಕಂಡದ್ದು ನೋಡಿ ಅವಳ ಕಾಲು ನಿಂತಲ್ಲೇ ನಿಂತವು. ಕಿಡಿ ಮತ್ತು ಕ್ಲಾಸಿನ ಇನ್ನೊಬ್ಬ ಸೇರಿ ಒಂದು ಕುರ್ಚಿಯಲ್ಲಿ ದಪ್ಪನೆಯ ಅಜ್ಜಿಯನ್ನ ಕೂರಿಸಿಕೊಂಡು ಮೇಲಕ್ಕೆ ಹೊರುತ್ತಿದ್ದರು.

“ಅಲ್ಲಾಡಿಸಬೇಡ್ರೋ, ನಾನೇನು ಸಿಮೆಂಟ್ ಮೂಟೆಯಾ?”

“ಮೂಟೆ ಆಗಿದ್ರೆ ಬೈತಿರಲಿಲ್ಲ ಅಜ್ಜಿ, ಸುಮ್ನಿರಿ!”

ಕೆಳಗೆ ಮೇಷ್ಟ್ರು ಕಟರ್ ಹಿಡಿದು ನಿಂತಿದ್ದರು. ಅವಳನ್ನ ಕಂಡು ಸಿಡುಕಿದರು. “ಬಂದ್ಯಾ? ನಾನು ಕತ್ತರಿಸೋಕೆ ಹೋದರೆ ಇವನು ಅಡ್ಡ ನಿಂತ. ಹಾಕಿದವರೇ ತೆಗೀಬೇಕು ಅಂದವರು ನೀವೇ ಅಲ್ವಾ, ಅವಳು ಬಂದೇ ಬರ್ತಾಳೆ, ಅಲ್ಲೀವರೆಗೆ ಎಲ್ಲರನ್ನೂ ನಾನೇ ಹೊರ್ತೀನಿ ಅಂತಾನೆ. ಆಗಿನಿಂದ ಹೊರ್ತಾನೇ ಇದಾನೆ!”

ಸ್ವಿಚ್ಚಿನ ಮೇಲೆ ಕೆಂಪು ಬೀಗ ಇರಲಿಲ್ಲ. ಹಳದಿ ಒಂದೇ ನೇತಾಡುತ್ತಿತ್ತು.

ಕೀಲಿ ತಿರುಗಿಸಿ ಬೀಗ ತೆಗೆದು, ಸ್ವಿಚ್ ಹಾಕಿದಳು. ಲಿಫ್ಟಿನ ದೀಪ ಹತ್ತಿತು. ಅವನು ಇಳಿದು ಬಂದ. ಬೆವರಲ್ಲಿ ತೊಯ್ದ ಅಂಗಿ, ಕೆಂಪಾದ ಅಂಗೈ. ಅವಳ ಕಡೆ ನೋಡಲಿಲ್ಲ.

“ಅಮ್ಮ, ಇವನು...” ಎಲ್ಲರ ಎದುರಿಗೇ ಅವಳು ಅವನ ತೋಳು ಹಿಡಿದಳು. “ಇವನು ನನ್ನ ಜೊತೆ ಓದೋನು. ನಾನು ಇವನ ಬಗ್ಗೆ ನಾಚಿಕೊಳ್ಳಲಿಲ್ಲ. ನನ್ನ ಬಗ್ಗೆಯೇ ನಾಚಿಕೊಂಡು ಅದನ್ನ ಇವನ ತಲೆ ಮೇಲೆ ಹಾಕಿದೆ. ಕ್ಷಮಿಸೋ...”

ಅಮ್ಮ ಅವನನ್ನ ಮೇಲಿಂದ ಕೆಳಗೆ ನೋಡಿದಳು.

“ಏನಪ್ಪ, ಪಾಠ ಮಾಡ್ತೀನಿ ಅಂದಳಲ್ಲ. ಏನು ಕಲಿಸಿದಳು ನಿನಗೆ?”

ಅವನು ಅಂಗಿಗೆ ಕೈ ಒರೆಸಿಕೊಂಡ. “ನಕ್ಷೆ ಓದೋದು ಕಲಿಸಿದ್ರು. ಅದು ಸುಳ್ಳಲ್ಲ.”

ಅಮ್ಮ ಲಿಫ್ಟಿನೊಳಗೆ ಕಾಲಿಟ್ಟಳು. ಬಾಗಿಲು ಮುಚ್ಚುವಾಗ ಮಗಳ ಕಡೆ ಕಣ್ಣು ಬಿಟ್ಟಳು. “ಮಧ್ಯದಲ್ಲಿ ನಿಂತುಹೋದರೆ ನೋಡು ನಿನಗೆ!”

ಲಿಫ್ಟು ಸದ್ದಿಲ್ಲದೆ ಮೇಲೇರಿತು. ಇಬ್ಬರೂ ಉಸಿರು ಬಿಗಿ ಹಿಡಿದು ಮೇಲೆಯೇ ನೋಡುತ್ತಿದ್ದರು. ಮೇಲಿನ ಮಹಡಿಯಲ್ಲಿ ಬಾಗಿಲು ತೆರೆದ ಸದ್ದು ಕೇಳಿದ ಮೇಲೆ ಅವಳು ಅವನ ಅಂಗೈ ಹಿಡಿದು ಗುಳ್ಳೆ ಎದ್ದ ಜಾಗ ನೋಡಿದಳು.

“ಬರ್ತೀನಿ ಅಂತ ಹೇಗೆ ನಂಬಿದೆ?”

“ನಂಬಿರಲಿಲ್ಲ. ಬರಲಿ ಅಂತಿತ್ತು, ಅಷ್ಟೇ.”

ಅವಳು ಅವನ ಅಂಗೈ ಬಿಡಲಿಲ್ಲ.

“ನಾಳೆ ಮನೆಗೆ ಬರ್ತೀಯಾ?”

“ಬಂದು ಏನಂತ ಹೇಳ್ಕೊಳ್ಳಲಿ?”

“ಲಿಫ್ಟ್ ರಿಪೇರಿಯವನು ಅಂತ.”

“ನಿಮ್ಮ ಬೀದಿಯವರು ಕೇಳಿದ್ರೆ? ಮೇಡಂ ಏನು ಮಾಡ್ತಾರೆ ಅಂತ?”

ಅವಳು ಕೆನ್ನೆ ಮೇಲಿನ ಗ್ರೀಸನ್ನ ಮುಟ್ಟಿಕೊಂಡಳು. ಒರೆಸಲಿಲ್ಲ.

“ನಾನೂ ಲಿಫ್ಟ್ ರಿಪೇರಿಯವಳೇ ಅಂತ ನಾನೇ ಹೇಳ್ತೀನಿ. ನೀನು ಪಕ್ಕದಲ್ಲಿ ನಿಂತಿರು, ಸಾಕು.”