ಎರಡು ಸ್ವರಗಳ ನಟ್ಟನಡುವೆ

“ಇದರ ಮೇಲಿನ ಸಾಲು ಮುಟ್ಟಿದ್ದು ಯಾರು?”

ಅವಳ ವಾದ್ಯ ರಿಪೇರಿ ಅಂಗಡಿಯಲ್ಲಿ ಆ ಹಾಡುಗಾರ ಅವಳನ್ನು ಮೊದಲ ಸಲ ಕಂಡಾಗ ಕೇಳಿದ್ದೇ ಇದು. ಮುಂದೆ ಅವನ ಹಾರ್ಮೋನಿಯಂ, ಅದಕ್ಕೆ ಎರಡು ಸಾಲು ಕೀಗಳು.

“ನಾನೇ. ಕೆಳಗಿನ ಸಾಲಿಗಿಂತ ಶ್ರುತಿ ಏರಿತ್ತು. ಇಳಿಸಿ ಸರಿ ಮಾಡ್ದೆ.”

“ಗಾಳಿ ತಿದಿ ಸೋರ್ತಿದೆ ಅಂತ ತಾನೇ ನಿಮ್ಮ ಅಂಗಡಿ ಹುಡುಗನಿಗೆ ಕೊಟ್ಟಿದ್ದು? ಅದು ಇರೋದೇ ಹಾಗೆ ಮೇಡಂ. ಒಂದು ಸ್ಥಾಯಿಗೆ ಹನ್ನೆರಡಲ್ಲ, ಇಪ್ಪತ್ನಾಲ್ಕು ಸಮ ಮೆಟ್ಟಿಲು. ಮೇಲಿನ ಒಂದೊಂದು ಸ್ವರಾನೂ ಕೆಳಗಿನ ಎರಡರ ನಟ್ಟನಡುವೆ ಇರ್ಬೇಕು. ನನ್ನ ಹಾಡೆಲ್ಲ ಅಲ್ಲೇ ಇರೋದು.”

ಒಳ್ಳೆಯದು ಮಾಡಲು ಹೋಗಿ ಒಬ್ಬರ ಹಾಡನ್ನೇ ಒರೆಸಿಹಾಕಿದ್ದಳು ಮಹಾತಾಯಿ!

“ನೀವು ಹಾಡಿ ತೋರಿಸಿ... ಮತ್ತೆ ಸ್ವರ ಕೂರಿಸಿಕೊಡ್ತೀನಿ.”

ಅಂದಿನಿಂದ ಅವನು ದಿನಾ ಮಧ್ಯಾಹ್ನ ಬರತೊಡಗಿದ. ಅವನು ಹಾಡುವುದು, ಅವಳು ಸ್ವರ ಹೊರಡಿಸುವ ಹಿತ್ತಾಳೆ ರೀಡನ್ನು ಅರದಿಂದ ಒಂಚೂರು ಉಜ್ಜುವುದು, ಮತ್ತೆ ಕೇಳುವುದು. ನಡುನಡುವೆ ಟೀ, ತಮಾಷೆ. ಸಿಡುಕ ಅಂದುಕೊಂಡಿದ್ದವನು ಚೆನ್ನಾಗಿ ನಗಿಸುತ್ತಿದ್ದ. ಬೆಳಗಾದರೆ ಸಾಕು, ಅವಳ ಕಣ್ಣು ಬಾಗಿಲ ಕಡೆಗೇ.

ಕೊನೆಗೆ ಉಳಿದದ್ದು ಒಂದೇ ರೀಡ್. ಅದು ಮಾತ್ರ ಕೂರಲೇ ಇಲ್ಲ. ನಿನ್ನೆ ಸರಿ ಮಾಡಿದ್ದು ಇಂದು ಅವನ ದನಿಗೆ ತಗ್ಗು, ಮರುದಿನ ಏರು...

‘ನನ್ನ ಕಿವಿಗೇನಾಯ್ತು? ಅಪ್ಪ ಸಾಯುವಾಗ ಈ ಕಿವಿ ನಂಬಿಯೇ ಅಂಗಡಿ ನನಗೆ ಬಿಟ್ಟುಹೋದದ್ದು. ಇದೂ ಕೈಕೊಟ್ಟರೆ ನಾನೇನು ಮಾಡಲಿ?’

ಉಜ್ಜಿ ಉಜ್ಜಿ ರೀಡು ಕಾಗದದಷ್ಟು ತೆಳ್ಳಗಾಯಿತು. ಅವಳು ಅರ ಕೆಳಗಿಟ್ಟಳು.

“ನನ್ನ ಕೈಲಿ ಆಗಲ್ಲ. ಬೇರೆ ಕಡೆ ತೋರ್ಸಿ. ನಾನು ಅಂಗಡೀನೇ ಮುಚ್ತೀನಿ.”

ಅವನು ಗಾಬರಿಯಿಂದ ಎದ್ದುನಿಂತ.

“ನಿಮ್ಮ ಕಿವಿ ಸರಿಯಾಗೇ ಇದೆ. ನಾನೇ... ಬೇಕಂತಲೇ ಒಂದಿನ ಏರಿಸಿ, ಒಂದಿನ ಇಳಿಸಿ ಹಾಡ್ತಿದ್ದೆ. ಕೆಲಸ ಮುಗಿದ್ರೆ ಇಲ್ಲಿಗೆ ಬರೋಕೆ ಕಾರಣ ಇರಲ್ವಲ್ಲ. ನೀವಂದ್ರೆ ನನಗೆ ಇಷ್ಟ. ಹೇಳೋಕೆ ಧೈರ್ಯ ಬರ್ಲಿಲ್ಲ.”

ಖುಷಿಗಿಂತ ಮೊದಲು ಅವಳಿಗೆ ಸಿಟ್ಟು ಬಂತು. ಬರಬೇಕಾದ್ದೇ.

“ಕಿವುಡಿ ಆಗ್ತಿದ್ದೀನಿ ಅಂತ ರಾತ್ರಿಯೆಲ್ಲ ಅತ್ತಿದ್ದೀನಿ. ಗೊತ್ತಾ ನಿಮಗೆ?”

“ತಪ್ಪಾಯ್ತು.”

“ಈಗ ಸರಿಯಾಗಿ ಹಾಡಿ.”

ಅವನು ಹಾಡಿದ. ಈ ಸಲ ಸ್ವರ ಎಲ್ಲೂ ಜಾರಲಿಲ್ಲ. ಅವಳು ಉಸಿರು ಬಿಗಿಹಿಡಿದು ಒಂದೇ ಸಲ ಉಜ್ಜಿದಳು. ರೀಡು ಮುರಿಯಲಿಲ್ಲ. ಕೀ ಒತ್ತಿದಳು. ಅವನ ದನಿಯೂ ಅದರ ದನಿಯೂ ಒಂದೇ ಆಗಿ ಕೇಳಿತು.

“ಮುಗೀತು. ತಗೊಂಡು ಹೋಗಿ.”

ಅವನು ಪೆಟ್ಟಿಗೆ ಎತ್ತಿಕೊಂಡು ಬಾಗಿಲವರೆಗೆ ಹೋಗಿ ನಿಂತ.

“ನಾಳೆ ಏನು ನೆಪ ಹೇಳ್ಕೊಂಡು ಬರ್ಲಿ?”

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಸುಳ್ಳು ಹೇಳಿದ್ದು ಸಾಕು... ಸುಮ್ನೆ ಬನ್ನಿ.”