ಮೊದಲನೆಯದಾ, ಎರಡನೆಯದಾ?

"ಇದನ್ನ ಮಾರಿಬಿಡಿ ಡಾಕ್ಟ್ರೇ. ಇನ್ನು ನನ್ನ ಕೈಲಾಗಲ್ಲ."

ಕನ್ನಡಕದ ಅಂಗಡಿಯವಳು ಇಷ್ಟು ಹೇಳಿ ತನ್ನ ಡರ್ಟ್ ಬೈಕನ್ನು ವರ್ಕ್‌ಶಾಪಿನ ಗೋಡೆಗೆ ಒರಗಿಸಿದಳು. ಬೈಕಿನ ತುಂಬ ಒಣಗಿದ ಕೆಸರು. ಅವಳ ಗಲ್ಲದ ಮೇಲೂ ಒಂದು ಚೂರು ಅಂಟಿಕೊಂಡಿತ್ತು. ಅದನ್ನು ಒರೆಸೋಣವೆಂದು ಮೆಕ್ಯಾನಿಕ್‌ನ ಕೈ ಎದ್ದೇಬಿಟ್ಟಿತ್ತು; ಬೆರಳಿನ ಗ್ರೀಸು ಕಂಡು ಅರ್ಧದಲ್ಲೇ ಇಳಿಯಿತು.

ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಎಂಜಿನ್ನಿಗೆ, ಇನ್ನೊಂದನ್ನು ಕಿವಿಗೆ ಹಚ್ಚಿ ಬೈಕಿನ ಕಾಯಿಲೆ ಹೇಳುತ್ತಾನೆಂದು ಅವಳೇ ಇಟ್ಟ ಹೆಸರು ಡಾಕ್ಟ್ರು. ಬೇರೆ ಯಾರಾದರೂ ಹಾಗೆ ಕರೆದರೆ ಅವನಿಗೆ ನಗು ಬರುತ್ತಿತ್ತು. ಅವಳು ಕರೆದರೆ ಕಿವಿ ಕೆಂಪಾಗುತ್ತಿತ್ತು.

"ಏನಾಯ್ತು?"

"ನಿನ್ನೆ ರೇಸಲ್ಲಿ ಕೊನೇ ಏರು. ಮೇಲಕ್ಕೆ ನಲವತ್ತಡಿ ಇತ್ತು ಅಷ್ಟೆ. ಗೇರು, ಕ್ಲಚ್ಚು, ಗೇರು, ಕ್ಲಚ್ಚು ಅಂತ ಬೆರಳು ಮರಗಟ್ಟಿ ಹೋಯ್ತು. ಬೈಕ್ ನಿಂತ್ಬಿಡ್ತು. ನಾನೂ ನಿಂತ್ಬಿಟ್ಟೆ." ಅವಳು ನಗಲು ನೋಡಿದಳು, ಆಗಲಿಲ್ಲ. "ಬೈಕಿಂದೇನೂ ತಪ್ಪಿಲ್ಲ ಬಿಡಿ. ದೊಡ್ಡ ಬೈಕನ್ನ ಅವತ್ತು ಟೆಸ್ಟ್ ರೈಡಲ್ಲೇ ಹಿಡಿಯೋಕಾಗ್ಲಿಲ್ಲ. ಈಗ ಈ ಮಧ್ಯಮದ್ದೂ ಆಗ್ಲಿಲ್ಲ. ಅಂದ್ರೆ ನನಗೇ ತಾಕತ್ತಿಲ್ಲ ಅಂತ ತಾನೇ?"

ಮೆಕ್ಯಾನಿಕ್‌ನ ಕೈ ಅಂಗಿಯ ಜೇಬಿಗೆ ಹೋಯಿತು. ಹೇಳು ಮಾರಾಯ, ಈಗಲಾದರೂ ಬಾಯಿ ಬಿಡು ಎಂದು ಒಳಗಿನಿಂದ ಯಾರೋ ತಿವಿದ ಹಾಗಾಯಿತು. ಬಾಯಿ ಬಿಟ್ಟ. ಬಂದದ್ದೇನು?

"ಟೀ ಕುಡೀತೀರಾ?"

"ಬೇಡ. ನಾಳೆ ಸಂಜೆ ಐದಕ್ಕೆ ಕಣ್ಣು ತೋರಿಸ್ಕೋಬೇಕು ನೀವು. ಹೋದ ವಾರದ ಹಾಗೆ ತಪ್ಪಿಸ್ಕೋಬೇಡಿ." ಬಾಗಿಲಲ್ಲಿ ನಿಂತು ತಿರುಗಿ ನೋಡಿದಳು. ಯಾವತ್ತೂ ಆ ಹೊತ್ತಿಗೆ ಅವಳ ಒಂದು ಹುಬ್ಬು ಕೀಟಲೆಯಿಂದ ಮೇಲೇರುತ್ತಿತ್ತು. ಇವತ್ತು ಏರಲಿಲ್ಲ.

ಅಯ್ಯೋ ಪಾಪಿ! ಅವನು ಮಾಡಿದ್ದು ಇಷ್ಟು.

ಮೂರು ತಿಂಗಳ ಹಿಂದೆ ವರ್ಕ್‌ಶಾಪಿನಲ್ಲಿ ಮಾರಾಟಕ್ಕೆ ಎರಡು ಟೂ-ಸ್ಟ್ರೋಕ್ ಬೈಕುಗಳಿದ್ದವು. ಒಂದು ಮುನ್ನೂರು ಸಿಸಿಯ ದೊಡ್ಡದು, ಇನ್ನೊಂದು ಇನ್ನೂರೈವತ್ತರ ಮಧ್ಯಮದ್ದು. ಅವಳು ದಿನಾ ತನ್ನ ಅಂಗಡಿ ಮುಚ್ಚಿ ಬಂದು, ಎರಡರ ಸುತ್ತ ಸುತ್ತಿ, "ಯಾವ್ದು ತಗೊಳ್ಳಲಿ ಡಾಕ್ಟ್ರೇ?" ಎನ್ನುತ್ತಿದ್ದಳು. ಅವನು ಬೇಕೆಂದೇ ಉತ್ತರವನ್ನು ಹದಿನೈದು ದಿನ ಎಳೆದ. ಉತ್ತರ ಮಾತ್ರ ಮೊದಲ ದಿನವೇ ಗೊತ್ತಿತ್ತು. ದೊಡ್ಡದೆಂದರೆ ಒರಟು ಎಂದುಕೊಳ್ಳುತ್ತಾರೆ ಜನ. ಕಲ್ಲಿನ ಏರಿನಲ್ಲಿ ದೊಡ್ಡದೇ ಸಾಧು. ಒಂದೇ ಗೇರಿನಲ್ಲಿ ನಿಧಾನವಾಗಿ ಎಳೆದುಕೊಂಡು ಹೋಗುತ್ತದೆ. ಮಧ್ಯಮದ್ದನ್ನು ಸದಾ ಕಿರುಚಾಡಿಸುತ್ತಲೇ ಇರಬೇಕು, ಕೈಗೆ ಬಿಡುವಿಲ್ಲ. ಅವಳಿಗೆ ಬೇಕಿದ್ದದ್ದು ದೊಡ್ಡದೇ.

ಆದರೆ ಆರು ವರ್ಷದ ಹಿಂದೆ ಅಂಥದೇ ದೊಡ್ಡದರಿಂದ ಬಿದ್ದು ಅವನ ಎಡಗಾಲು ಎರಡು ಬೆರಳಿನಷ್ಟು ಮೋಟಾಗಿತ್ತು. ಅವತ್ತಿನಿಂದ ಅವನು ಬೈಕು ರಿಪೇರಿ ಮಾಡುತ್ತಾನೆ, ಹತ್ತುವುದಿಲ್ಲ. ಅವಳನ್ನು ಅದರ ಮೇಲೆ ಊಹಿಸಿಕೊಂಡರೆ ಸಾಕು, ತಾನು ಬಿದ್ದ ಆ ದಿನವೇ ಕಣ್ಣ ಮುಂದೆ ಬರುತ್ತಿತ್ತು. ಟೆಸ್ಟ್ ರೈಡಿನ ದಿನ ಬೆಳಿಗ್ಗೆ ದೊಡ್ಡದರ ಕಾರ್ಬ್ಯುರೇಟರ್ ಬಿಚ್ಚಿದ. ಪೆಟ್ರೋಲು ಇಷ್ಟೇ ಹರಿಯಲಿ ಎಂದು ಅಳೆದು ಬಿಡುವ ಪುಟ್ಟ ಹಿತ್ತಾಳೆಯ ಜೆಟ್ಟನ್ನು ತೆಗೆದು ಬೇರೆ ಅಳತೆಯದನ್ನು ಕೂರಿಸಿದ. ಮುಂದಿನ ಶಾಕ್ ಅಬ್ಸಾರ್ಬರನ್ನು ಕಲ್ಲಿನಂತೆ ಬಿಗಿ ಮಾಡಿದ. ಬೈಕು ಕೆಮ್ಮಿತು, ಮುಗ್ಗರಿಸಿತು, ಅವಳ ಅಂಗೈ ಕೆಂಪಾಗುವಂತೆ ಕುಕ್ಕಿತು. ಅವಳು ಇಳಿದು, "ಇದು ನನ್ನ ಅಳತೆಗೆ ಮೀರಿದ್ದು" ಎಂದು ಮಧ್ಯಮದ್ದನ್ನು ತೆಗೆದುಕೊಂಡು ಹೋದಳು.

ಆ ಜೆಟ್ಟು ಅಂದಿನಿಂದ ಅವನ ಅಂಗಿಯ ಜೇಬಿನಲ್ಲೇ ಇದೆ. ಅಂಗಿ ಬದಲಾದರೂ ಜೆಟ್ಟು ಜಾಗ ಬದಲಿಸಲಿಲ್ಲ.

"ಏನೋ," ಎಂದಳು ಬಿಡಿಭಾಗದ ಕೌಂಟರಿನಲ್ಲಿದ್ದ ಅವನ ಅಕ್ಕ, "ಆ ದೊಡ್ಡ ಬೈಕು ಮೂರು ತಿಂಗಳಿಂದ ಕೆಮ್ಮುತ್ತಾ ಬಿದ್ದಿದೆ. ಡಾಕ್ಟ್ರಿಗೆ ಅದೊಂದರ ಕಾಯಿಲೆ ಮಾತ್ರ ಗೊತ್ತಾಗ್ತಿಲ್ವಾ?"

ಅವನು ತಲೆ ತಗ್ಗಿಸಿದ. ಅಕ್ಕನಿಗೆ ಅಷ್ಟೇ ಸಾಕಾಯಿತು.

"ಥೂ ನಿನ್ನ! ಹೋಗಿ ಹೇಳ್ಬಿಡು. ಬೈಸ್ಕೊಂಡ್ರೆ ಬೈಸ್ಕೋ."

"ಮತ್ತೆ ಈ ಕಡೆ ತಲೆ ಹಾಕಲ್ಲ ಅವರು."

"ಹಾಕದೇ ಇದ್ರೆ ಅದಕ್ಕೂ ಲಾಯಕ್ಕೇ ನೀನು."

ಮರುದಿನ ಸಂಜೆ ಐದಕ್ಕೆ ಅವನು ಕನ್ನಡಕದ ಅಂಗಡಿಯ ಒಳಕೋಣೆಯಲ್ಲಿ ಎತ್ತರದ ಕುರ್ಚಿಯ ಮೇಲೆ ಕೂತಿದ್ದ. ಮೂಗಿನ ಮೇಲೆ ತೂಕದ ಟೆಸ್ಟ್ ಫ್ರೇಮು. ಎದುರು ಗೋಡೆಯಲ್ಲಿ ಬೆಳಗುವ ಅಕ್ಷರಗಳು. ಅವಳು ಬಗ್ಗಿ ಗಾಜು ಬದಲಾಯಿಸುವಾಗ ಅವಳ ಉಸಿರು ಅವನ ಕೆನ್ನೆಗೆ ತಾಕುತ್ತಿತ್ತು. ಬೇರೆ ದಿನವಾಗಿದ್ದರೆ ಆ ಕುರ್ಚಿಯಿಂದ ಅವನನ್ನು ಎಬ್ಬಿಸಲು ನಾಲ್ಕು ಜನ ಬೇಕಾಗುತ್ತಿತ್ತು.

"ಮೊದಲನೆಯದಾ, ಎರಡನೆಯದಾ? ಯಾವುದು ಸ್ಪಷ್ಟ?"

"ನೀವೇ ಹೇಳಿ. ಯಾವುದು ಒಳ್ಳೇದು?"

"ನಾನು ಹೇಳ್ಬಾರ್ದು. ಕಣ್ಣು ನಿಮ್ಮದು. ನಾನು ಗಾಜು ಹಾಕ್ತೀನಿ, ತೆಗೀತೀನಿ, ಅಷ್ಟೆ. ಇಲ್ಲಿ ನಾನು ಒಂದರ ಕಡೆ ಸ್ವಲ್ಪ ವಾಲಿದ್ರೂ ವರ್ಷವಿಡೀ ತಲೆನೋವು ಅನುಭವಿಸೋರು ನೀವು."

ಅವನಿಗೆ ಕೂತಿರಲಾಗಲಿಲ್ಲ. ಫ್ರೇಮು ತೆಗೆದ. ಜೇಬಿಗೆ ಕೈ ಹಾಕಿ ಜೆಟ್ಟನ್ನು ಅವಳ ಅಂಗೈಯಲ್ಲಿಟ್ಟ. ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟ. ಬೆಳಿಗ್ಗೆ ಬಿಚ್ಚಿದ್ದು, ಬದಲಿಸಿದ್ದು, ಬಿಗಿ ಮಾಡಿದ್ದು, ಅವಳು ಇಳಿದು ಅಂಗೈ ಉಜ್ಜಿಕೊಂಡಾಗ ಸುಮ್ಮನೆ ನಿಂತಿದ್ದು.

ಅವಳು ದೀಪ ಹಾಕಿದಳು. ಜೆಟ್ಟನ್ನು ಭೂತಗನ್ನಡಿಯ ಕೆಳಗೆ ಹಿಡಿದು ಬಹಳ ಹೊತ್ತು ನೋಡಿದಳು.

"ನಾನು ಯಾರಿಗೋ ಕೆಟ್ಟ ಗಾಜು ಹಾಕಿ, ಇಲ್ಲ ನಿಮ್ಮ ಕಣ್ಣೇ ಸರಿಯಿಲ್ಲ ಅಂತ ಕಳಿಸಿದ ಹಾಗಾಯ್ತಲ್ಲ ಇದು," ಎಂದಳು. ಧ್ವನಿ ಏರಿರಲಿಲ್ಲ, ಅದಕ್ಕೇ ಅವನಿಗೆ ಹೆಚ್ಚು ಭಯವಾಯಿತು. "ಮೂರು ತಿಂಗಳು ಈ ಕೈಗೆ ಬೈದಿದೀನಿ. ಹಿಡಿತ ಗಟ್ಟಿಯಾಗ್ಲಿ ಅಂತ ದಿನಾ ಸ್ಪ್ರಿಂಗ್ ಹಿಸುಕಿ ಹಿಸುಕಿ ಕಣ್ಣಲ್ಲಿ ನೀರು ಬಂದಿದೆ. ಯಾಕೆ ಮಾಡ್ದೆ?"

ನೀವು ಹೋಗಿ ನೀನು ಬಂದಿತ್ತು. ಬೈಗುಳವಾದರೂ ಅವನಿಗೆ ಹತ್ತಿರದ್ದೆನಿಸಿತು, ಹಾಗೆನಿಸಿದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು.

"ಹೆದರಿಕೆಯಾಯ್ತು."

"ನನ್ನ ಪರವಾಗಿ ಹೆದರೋಕೆ ನೀನ್ಯಾರು?"

"ಯಾರೂ ಅಲ್ಲ. ಯಾರಾದ್ರೂ ಆಗ್ಬೇಕು ಅಂತ ಆಸೆಯಿತ್ತು." ಅವನು ಟೆಸ್ಟ್ ಫ್ರೇಮನ್ನು ಮೇಜಿನ ಮೇಲಿಟ್ಟ. "ನಿಮ್ಮನ್ನ ಕಂಡ್ರೆ ನನಗೆ ಪ್ರಾಣ. ಅದನ್ನ ಹೇಳೋ ಧೈರ್ಯ ಇರ್ಲಿಲ್ಲ. ಬೈಕ್ ಕೆಡಿಸೋ ಧೈರ್ಯ ಇತ್ತು. ಅಂಥವನು ನಾನು."

ಅವಳು ಮುಖ ತಿರುಗಿಸಿ ಗಾಜಿನ ಪೆಟ್ಟಿಗೆಯಲ್ಲಿ ಏನನ್ನೋ ಹುಡುಕಿದಳು. ಹುಡುಕುವುದೇನೂ ಇರಲಿಲ್ಲ.

"ಕೂತ್ಕೋ," ಎಂದಳು ಕಡೆಗೆ. "ಟೆಸ್ಟ್ ಅರ್ಧಕ್ಕೆ ಬಿಡೋ ಅಭ್ಯಾಸ ನನಗಿಲ್ಲ. ಭಾನುವಾರ ಬೆಳಿಗ್ಗೆ ಏಳಕ್ಕೆ ಕಲ್ಲುಗಣಿ ಏರಿನ ಹತ್ರ ಎರಡೂ ಬೈಕ್ ತಗೊಂಡು ಬಾ. ಕೆಡಿಸಿದ್ದನ್ನ ನನ್ನ ಕಣ್ಣೆದುರಿಗೇ ಸರಿ ಮಾಡ್ಬೇಕು."

ಭಾನುವಾರ ಅಕ್ಕ ತನ್ನ ಟೆಂಪೋದಲ್ಲಿ ಎರಡೂ ಬೈಕು ತಂದಿಳಿಸಿ, ತಮ್ಮನ ಮುಖ ನೋಡಿ, "ಇನ್ನು ನಿನ್ನ ಹಣೆಬರಹ" ಎಂದು ಟೆಂಪೋದಲ್ಲೇ ಕೂತಳು. ಕನ್ನಡಕದವಳು ಬಂದು ಅವನ ಕೈಗೆ ಮೊದಲು ಒಂದು ಡಬ್ಬಿ ಕೊಟ್ಟಳು. ಹೊಸ ಕನ್ನಡಕ, ಜೊತೆಗೆ ಆ ಜೆಟ್ಟು. ಹಾಕಿಕೊಂಡ. ಜೆಟ್ಟಿನ ಮೇಲಿನ ಅಂಕಿ ಎಷ್ಟೋ ತಿಂಗಳ ನಂತರ ತಾನಾಗಿ ಕಂಡಿತು. ಅವನು ಅದನ್ನು ಮತ್ತೆ ಕೂರಿಸಿ ಶಾಕ್ ಅಬ್ಸಾರ್ಬರ್ ಸಡಿಲಿಸುವಾಗ ಅವಳು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಪ್ರತಿ ತಿರುಪನ್ನೂ ನೋಡಿದಳು.

"ಈಗ ಹೇಳಿ ಡಾಕ್ಟ್ರೇ, ಯಾವ್ದು ತಗೊಳ್ಳಲಿ?"

ಏರು ನೋಡಿದ, ಸಡಿಲ ಕಲ್ಲು ನೋಡಿದ, ಅವಳ ಮಣಿಕಟ್ಟು ನೋಡಿದ. ಬಾಯಿಗೆ ಬಂದದ್ದನ್ನು ನುಂಗಿಕೊಂಡ.

"ನೀವೇ ಓಡಿಸಿ ಹೇಳ್ಬೇಕು."

ಅವಳ ಒಂದು ಹುಬ್ಬು ಒಂದೇ ಒಂದು ಕೂದಲೆಳೆಯಷ್ಟು ಮೇಲೇರಿತು. "ಪ್ರಾಕ್ಟೀಸಲ್ಲಿ ನಾನು ಏರು ಹತ್ತಿದಾಗಲೆಲ್ಲ ನೀನು ಕಣ್ಣು ಮುಚ್ಕೋತೀಯ. ಗೊತ್ತಿಲ್ಲ ಅಂದ್ಕೊಂಡ್ಯಾ? ಕಣ್ಣು ನೋಡೋದೇ ನನ್ನ ಕೆಲಸ. ಇವತ್ತು ಮುಚ್ಚೋ ಹಾಗಿಲ್ಲ."

ಮೊದಲು ಮಧ್ಯಮದ್ದನ್ನು ಓಡಿಸಿದಳು. ಅರ್ಧ ಏರಿ ಉಸಿರುಗಟ್ಟಿ ವಾಪಸ್ ಬಂದಳು. ಆಮೇಲೆ ದೊಡ್ಡದು. ಅದು ಒಮ್ಮೆಯೂ ಕೆಮ್ಮಲಿಲ್ಲ. ಒಂದೇ ಗೇರಿನಲ್ಲಿ, ಅವಸರವಿಲ್ಲದೆ ಮೇಲೆ ಮೇಲೆ ಹೋಯಿತು. ತುದಿಗೆ ಹತ್ತಡಿ ಇರುವಾಗ ಹಿಂದಿನ ಚಕ್ರ ಜಾರಿತು. ಬೈಕು ಮಗುಚಿತು. ಅವಳು ಕೆಳಗೆ ಬಿದ್ದಳು.

ಅವನು ಒಂದು ಹೆಜ್ಜೆ ಓಡಿದ. ಎರಡನೆಯದನ್ನು ಇಡಲಿಲ್ಲ. ಕಣ್ಣನ್ನೂ ಮುಚ್ಚಲಿಲ್ಲ. ಅವಳು ಅಲ್ಲಿಂದಲೇ ತಲೆ ಎತ್ತಿ ಕೆಳಗೆ ನೋಡಿದಳು. ಅವನು ನಿಂತಲ್ಲೇ ನಿಂತಿರುವುದನ್ನು ನೋಡಿದಳು. ಆಮೇಲೆ ಹ್ಯಾಂಡಲ್ ಹಿಡಿದು ಆ ದೊಡ್ಡ ಬೈಕನ್ನು ತಾನೇ ಎತ್ತಿ ನಿಲ್ಲಿಸಿ, ಎರಡು ಕಿಕ್ ಹೊಡೆದು, ಉಳಿದ ಹತ್ತಡಿಯನ್ನು ಹತ್ತಿಬಿಟ್ಟಳು. ಟೆಂಪೋದಲ್ಲಿ ಅಕ್ಕ ಹಾರ್ನ್ ಬಾರಿಸಿದ್ದೇ ಬಾರಿಸಿದ್ದು.

ಇಳಿದು ಬಂದಾಗ ಅವಳ ಮೊಣಕೈ ತರಚಿತ್ತು, ಮುಖ ಬೆಳಗುತ್ತಿತ್ತು.

"ದೊಡ್ಡದು," ಎಂದಳು. "ನನ್ನದು."

"ಹೌದು."

"ಹೆದರಿಕೆ ಆಯ್ತಾ?"

"ಪ್ರಾಣವೇ ಹೋಯ್ತು."

"ಆದ್ರೂ ಓಡಿ ಬರ್ಲಿಲ್ಲ." ಅವಳು ಅವನ ಕನ್ನಡಕ ತೆಗೆದು, ಒದ್ದೆಯಾದ ಗಾಜನ್ನು ತನ್ನ ಅಂಗಿಯ ಅಂಚಿನಲ್ಲಿ ಒರೆಸಿದಳು. "ಕ್ಷಮಿಸಿಲ್ಲ, ತಿಳ್ಕೋ. ಆ ಮೂರು ತಿಂಗಳು ವಾಪಸ್ ಬರಲ್ಲ. ಅಷ್ಟು ಸುಲಭಕ್ಕೆ ಬಿಡಲ್ಲ ನಾನು."

"ಬಿಡ್ಬೇಡಿ," ಎಂದ ಅವನು. ನಿಜಕ್ಕೂ ಅವನಿಗೆ ಅದೇ ಬೇಕಿತ್ತು.

ಅವಳು ಕನ್ನಡಕವನ್ನು ಅವನ ಮೂಗಿನ ಮೇಲೆ ಕೂರಿಸಿದಳು. ಆಮೇಲೆ ತನ್ನ ಹೆಲ್ಮೆಟ್ ತೆಗೆದು ಅವನ ಎದೆಗೆ ಒತ್ತಿದಳು. "ಮಧ್ಯಮದ್ದನ್ನ ಮಾರ್ಬೇಡ. ಅದನ್ನ ನೀನು ಹತ್ತು. ಇಲ್ಲೇ, ಈ ಸಮತಟ್ಟಿನಲ್ಲಿ. ನಾನೂ ಹೆದರ್ಕೊಂಡು ನೋಡ್ತಾ ನಿಲ್ಲೋದು ಹೇಗಿರುತ್ತೆ ಅಂತ ತಿಳ್ಕೋಬೇಕು."

ಆರು ವರ್ಷದ ನಂತರ ಅವನು ಮೋಟು ಕಾಲನ್ನು ನೆಲಕ್ಕೂರಿ ಬೈಕು ಹತ್ತಿದ. ಹೆಲ್ಮೆಟ್ಟಿನ ಪಟ್ಟಿ ಬಿಗಿದ. ಮೊದಲ ಕಿಕ್ಕಿಗೆ ಎಂಜಿನ್ ಹತ್ತಿಕೊಳ್ಳಲಿಲ್ಲ. ತಿರುಗಿ ನೋಡಿದ. ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಕಣ್ಣು ಮಾತ್ರ ದೊಡ್ಡದಾಗಿ ತೆರೆದೇ ಇತ್ತು.

ಅವನು ಮತ್ತೊಂದು ಕಿಕ್ ಹೊಡೆದ.