ಬಿ ಡ್ರೈವಿನ ಕೆಂಪು ದೀಪ

ನಿಮ್ಮನ್ನು ನಂಬಿಸುವ ಗೋಜಿಗೆ ನಾನು ಹೋಗುವುದಿಲ್ಲ; ಎಂಬತ್ತೊಂಬತ್ತರ ಮಳೆಗಾಲದಲ್ಲಿ, ಅಂಧೇರಿಯ ನಮ್ಮ ಆಫೀಸಿನಲ್ಲಿ ನಡೆದದ್ದನ್ನು ಹೇಳುತ್ತೇನೆ, ಅಷ್ಟೆ.

ಕಂಪ್ಯೂಟರಿನ ಎ.ಸಿ. ಕೋಣೆಗೆ ದೇವರ ಮನೆಗೆ ಹೋದ ಹಾಗೆ ಚಪ್ಪಲಿ ಬಿಟ್ಟೇ ಹೋಗಬೇಕಿತ್ತು. ನನಗೆ ಕೆಲಸ ಕಲಿಸಿದವರು ಉಡುಪಿ ಕಡೆಯ ವಿನೋದಿನಿ. "ಮಶೀನ್ ಶುರು ಮಾಡುವ ಫ್ಲಾಪಿ ಡಿಸ್ಕ್ ಎ ಡ್ರೈವಿಗೆ. ನಮ್ಮ ಸ್ವಂತದ್ದು ಬೇರೆ ಡಿಸ್ಕಲ್ಲಿ, ಬಿ ಡ್ರೈವಿಗೆ. ಎ ಡ್ರೈವಿಂದು ಹಾಳಾದ್ರೂ ನಮ್ದು ಉಳೀತದೆ ಮಾರಾಯ್ರೆ. ಡ್ರೈವಿನ ಕೆಂಪು ದೀಪ ಉರಿದ್ರೆ ಡಿಸ್ಕಿಗೆ ಬರೀತಾ ಉಂಟು ಅಂತ, ಅದು ಆರುವ ತನಕ ಮಾತ್ರ ಮುಟ್ಬೇಡಿ," ಎನ್ನುತ್ತಿದ್ದರು. ಬಿಡುವಿದ್ದಾಗ ತಮ್ಮ ಅಜ್ಜಿ ಹೇಳಿದ ಕಥೆಗಳನ್ನು ಮಗಳಿಗೆಂದು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ತಮ್ಮ ಡಿಸ್ಕಿನಲ್ಲಿಡುತ್ತಿದ್ದರು. ಕೊನೆಯ ಕಥೆ ಅರ್ಧಕ್ಕೆ ಬಂದಾಗ ಕಾಮಾಲೆಯಾಗಿ ತೀರಿಕೊಂಡರು. ಆ ಡಿಸ್ಕನ್ನು ಬೊರಿವಲಿಯ ಅವರ ಮನೆಗೆ ನಾನೇ ಕೊಟ್ಟು ಬಂದೆ.

ಅದಾದ ಮೇಲೆ ಒಂದು ಮಧ್ಯಾಹ್ನ ಊಟ ಮುಗಿಸಿ ಬಂದಾಗ ಕೋಣೆಯ ಬಾಗಿಲಲ್ಲಿ ಹೆಂಗಸರ ಒಂದು ಜೊತೆ ಒದ್ದೆ ಚಪ್ಪಲಿಗಳಿದ್ದವು. ಒಳಗೆ ಯಾರೂ ಇರಲಿಲ್ಲ. ಬಿ ಡ್ರೈವಿನ ಬಾಯಿ ಖಾಲಿಯಿತ್ತು, ಆದರೂ ಅದರ ದೀಪ ಉರಿಯುತ್ತಿತ್ತು. ಬರೆಯುವಾಗಿನ ಗರಗರ ಸದ್ದು ಜೋಗುಳದಂತೆ ನಿಂತು ನಿಂತು ಬರುತ್ತಿತ್ತು. ಅಷ್ಟು ಚಳಿಯಲ್ಲೂ ಕುರ್ಚಿ ಬೆಚ್ಚಗಿತ್ತು. ನನಗೆ ಹೆದರಿಕೆಯಾಗಲಿಲ್ಲ, ತೂಕಡಿಕೆ ಬಂದಂತಾಯಿತು. ದೀಪ ಆರುವ ತನಕ ಏನನ್ನೂ ಮುಟ್ಟದೆ ನಿಂತಿದ್ದೆ. ಹೊರಗೆ ಬಂದರೆ ಚಪ್ಪಲಿಗಳಿರಲಿಲ್ಲ, ಅವು ಬಿಟ್ಟ ನೀರಿತ್ತು.

ಕೆಲವು ದಿನಗಳ ಮೇಲೆ ವಿನೋದಿನಿಯ ಗಂಡ ಡಿಸ್ಕ್ ಹಿಡಿದುಕೊಂಡು ಬಂದರು. "ಮಗಳಿಗೆ ಇದನ್ನು ಕಾಗದದಲ್ಲಿ ತೆಗ್ದು ಕೊಡ್ತೀರಾ? ನೀವು ಕೊಟ್ಟ ಮೇಲೆ ಕಪಾಟಿನಲ್ಲೇ ಇತ್ತು, ಯಾರೂ ಮುಟ್ಲಿಲ್ಲ," ಎಂದರು.

ಪ್ರಿಂಟರಿನಿಂದ ಒಂದಕ್ಕೊಂದು ಅಂಟಿಕೊಂಡೇ ಹೊರಬಂದ ಹಾಳೆಗಳನ್ನು ನಾನೇ ಹರಿದು ಜೋಡಿಸಿದೆ. ಕೊನೆಯ ಕಥೆ ಮುಗಿದಿತ್ತು.